ಪೆದ್ದ ಗುರುಮಲ್ಲನೂ ಕಾರಿನ ಹೊಸ ಕಣ್ಣೂ

ನಿದ್ದೆ ಬಂದವರಿದ್ದರೆ ಈಗಲೇ ಎದ್ದು ಒಳಗೆ ಹೋಗಿ ಮಲಗಿಬಿಡಿ. ಉಳಿದವರು ಹೂಂಗುಟ್ಟಿ. ಈ ಕತೆ ಕೇಳೋವಾಗ ಕಣ್ಣು ಮುಚ್ಚಬಾರದು. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗ್ತದೆ. ಹೂಂ ಅಂದಿರಾ? ಹಾಗಾದರೆ ಕೇಳಿ.

ಘಾಟಿ ಹತ್ತಿ, ಕಾಡು ದಾಟಿ ಹೋದರೆ ಹುಣಸೆಮಾಳ ಅಂತ ಒಂದು ಊರು. ಆ ಊರಲ್ಲಿ ಚಿಕ್ಕತಾಯವ್ವ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಗುರುಮಲ್ಲ. ವಯಸ್ಸು ಮೂವತ್ತು. ಮೀಸೆ ಇತ್ತು, ಮೈಯಲ್ಲಿ ಎತ್ತಿನ ಕಸುವಿತ್ತು. ದೇವರು ಬುದ್ಧಿ ಹಂಚಿದ ದಿನ ಮಾತ್ರ ಇವನು ಎಲ್ಲೋ ಹೊರಗೆ ನಿಂತಿದ್ದ. ಹಾಗಂತ ಮಾತು ಕೇಳದವನಲ್ಲ. ಕೇಳ್ತಿದ್ದ, ಅದೇ ಕಷ್ಟ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಯಾರಾದರೂ ಬುದ್ಧಿ ಹೇಳಿದರೆ ಮರೆತುಹೋಗಬಾರದು ಅಂತ ಹೆಗಲ ಟವಲಿನ ತುದಿಗೆ ಒಂದು ಗಂಟು ಹಾಕ್ತಿದ್ದ. ಇನ್ನೊಬ್ಬರು ಇನ್ನೊಂದು ಹೇಳಿದರೆ? ಹಳೇ ಗಂಟು ಬಿಚ್ಚಿ ಹೊಸ ಗಂಟು. ಒಂದು ಟವಲು, ಒಂದು ಗಂಟು, ಒಂದು ಬುದ್ಧಿ.

ಇಂಥವನ ಕೈಲಿ ಒಂದು ಕಾರಿತ್ತು ಅಂದರೆ ನಂಬ್ತೀರಾ? ನಂಬಿ. ಅವನ ಅಪ್ಪ ಎಸ್ಟೇಟಿನ ಸಾಹುಕಾರರ ಹತ್ತಿರ ಇಪ್ಪತ್ತು ವರ್ಷ ಡ್ರೈವರಾಗಿದ್ದವನು. ಸಾಹುಕಾರರು ಎಸ್ಟೇಟು ಬಿಟ್ಟು ಹೋಗುವಾಗ ತಮ್ಮ ಹಳೇ ಫಾರಿನ್ ಕಾರನ್ನ ಅವನಿಗೇ ಕೊಟ್ಟು ಹೋದರು. ಅಪ್ಪ ಮಗನಿಗೆ ಕಾರು ಓಡಿಸೋದು ಕಲಿಸಿದ. ಕೈಗೆ ಕಲಿಸಿದ, ಕಾಲಿಗೆ ಕಲಿಸಿದ. ತಲೆಗೆ ಕಲಿಸೋ ಹೊತ್ತಿಗೆ ಅವನೇ ಜ್ವರ ಬಂದು ಹೋಗಿಬಿಟ್ಟ. ಊರಿನ ಕಾಯಿಲೆಯವರು, ಬಸುರಿಯರು ಪೇಟೆಗಿಳಿಯಬೇಕಾದರೆ ಆ ಕಾರೇ ಗತಿ, ಗುರುಮಲ್ಲನೇ ಗತಿ.

ಆ ಕಾರಿನ ದೀಪ ಕಂಡರೆ ಚಿಕ್ಕತಾಯವ್ವನಿಗೆ ನಡುಕ. ಬೇರೆ ಗಾಡಿಗಳ ದೀಪದ ಹಾಗೆ ಹಳದಿಯಾಗಿ ಫಕ್ಕನೆ ಹತ್ತೋ ದೀಪ ಅಲ್ಲ ಅದು. ಸ್ವಿಚ್ ಒತ್ತಿದರೆ ಮೊದಲು ನೀಲಿಯಾಗಿ ಛಿಳ್ ಅಂತ ಮಿಂಚೋದು. ಆಮೇಲೆ ಮೆಲ್ಲಮೆಲ್ಲಗೆ ಬೆಳ್ಳಗಾಗೋದು. ಅಷ್ಟರಲ್ಲಿ ಎರಡೂ ಬೆಳಕು ತಾವಾಗಿಯೇ ಕೆಳಕ್ಕೆ ಬಾಗಿ, ಮತ್ತೆ ಮೇಲಕ್ಕೆ ಎದ್ದು ನಿಲ್ಲೋವು, ಯಾರನ್ನೋ ಹುಡುಕೋ ಹಾಗೆ!

"ಇದು ದೀಪ ಅಲ್ಲ ಕನ್ಲಾ, ದೆವ್ವದ ಕಣ್ಣು!" ಅನ್ನೋಳು.

ಆದರೆ ಅವಳಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಅವಳ ಕಣ್ಣೇ. ಎರಡೂ ಕಣ್ಣಿಗೆ ಪೊರೆ. ಎಡಗಣ್ಣಂತೂ ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕು. ಎದುರಿಗೆ ಗಾಡಿ ಬಂದರೆ ಬೆಳಕು ಪರಪರ ಸಿಡಿದು ಕಣ್ತುಂಬ ಮುಳ್ಳು ಚುಚ್ಚಿದ ಹಾಗಾಗೋದು. ರಾತ್ರಿ ಮಲಗಿದರೆ ಒಂದೇ ಯೋಚನೆ. ನನ್ನ ಕಣ್ಣು ಹೋದರೆ ಹೋಗಲಿ, ಈ ಪೆದ್ದನ್ನ ನೋಡ್ಕೊಳ್ಳೋ ಕಣ್ಣು ಬೇರೆ ಯಾರಿಗಿದೆ?

ಹೀಗಿರುವಾಗ ಒಂದು ದಿನ ಕಾರಿನ ಬಲಗಡೆ ದೀಪ ಬೆಳ್ಳಗಿದ್ದದ್ದು ಗುಲಾಬಿ ಬಣ್ಣಕ್ಕೆ ತಿರುಗಿತು. ಆಮೇಲೆ ಆರಿಹೋಗೋದು, ಹತ್ತೋದು, ಆರಿಹೋಗೋದು.

"ಅಯ್ಯೋ ಮಾದಪ್ಪಾ! ದೆವ್ವದ ಕಣ್ಣು ಕೆಂಪಾಗೋಯ್ತಲ್ಲಾ! ಪ್ಯಾಟೆಗೋಗಿ ಜಬೀ ಸಾಬ್ರಿಗೆ ತೋರ್ಸ್ಕಬಾ, ಓಡು!" ಅಂದಳು ಅವ್ವ.

ಜಬೀ ಸಾಬರು ಪೇಟೆಯಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡೋರು. ಗಡ್ಡ ಬೆಳ್ಳಗೆ, ಕೈ ಕಪ್ಪಗೆ. ಅವರು ನಮಾಜು ಮುಗಿಸಿ ಬರೋ ಹೊತ್ತಿಗೆ ಗುರುಮಲ್ಲ ಬಾನೆಟ್ಟು ಎತ್ತಿ, ಉರೀತಿರೋ ದೀಪದ ಹಿಂದುಗಡೆ ಮುಚ್ಚಳ ತಿರುಗಿಸಿ ತೆಗೆದು, ಇನ್ನೇನು ಕೈ ಹಾಕಬೇಕು.

"ಏಯ್! ತೆಗಿಯೋ ಕೈನ!" ಸಾಬರು ಕೂಗಿದ ಕೂಗಿಗೆ ಬೀದಿ ನಾಯಿ ಎದ್ದು ಓಡಿತು. "ಸಾಯ್ಬೇಕು ಅಂತ ಬಂದಿದ್ದೀಯಾ? ಇದು ತಂತಿ ಕಾಯ್ದು ಉರಿಯೋ ಬಲ್ಬಲ್ಲ ಕಣೋ! ಕ್ಸೆನಾನು! ಇದರೊಳಗೆ ತಂತೀನೇ ಇಲ್ಲ. ಎರಡು ಸೂಜಿ ಮೊನೆ, ನಡುವೆ ಗ್ಯಾಸು. ಆ ಮೊನೆಯಿಂದ ಈ ಮೊನೆಗೆ ಸಣ್ಣದೊಂದು ಸಿಡಿಲು ಹೊಡೀತದೆ, ಅದೇ ಬೆಳಕು! ಆ ಸಿಡಿಲು ಹತ್ತಿಸೋಕೆ ಈ ಡಬ್ಬಿ ಇದೆಯಲ್ಲ, ಇದು ಬ್ಯಾಟರಿಯ ಹನ್ನೆರಡು ವೋಲ್ಟನ್ನ ಇಪ್ಪತ್ತು ಸಾವಿರಕ್ಕೂ ಮೇಲೆ ಏರಿಸ್ತದೆ. ಬೆರಳಿಟ್ಟಿದ್ರೆ ನಿಮ್ಮಪ್ಪನ ಹತ್ರ ಹೋಗ್ತಿದ್ದೆ!"

ಗುರುಮಲ್ಲ ಕೈ ಹಿಂದಕ್ಕೆ ಎಳೆದುಕೊಂಡ. "ಮತ್ತೇನ್ ಮಾಡ್ಬೇಕಿತ್ತು ಸಾಬ್ರೇ?"

"ಮುಟ್ಟೋಕೆ ಮುಂಚೆ ಸ್ವಿಚ್ ಆರಿಸು. ಬ್ಯಾಟರಿ ತಂತಿ ಬಿಚ್ಚು. ಐದು ನಿಮಿಷ ಸುಮ್ನೆ ನಿಲ್ಲು. ಆಮೇಲೆ ಕೈ ಹಾಕು. ತಿಳೀತಾ? ಗುಲಾಬಿ ಬಣ್ಣಕ್ಕೆ ತಿರುಗ್ತು ಅಂದ್ರೆ ಬಲ್ಬಿಗೆ ಮುಪ್ಪು ಬಂತು ಅಂತ. ಹೊಸದು ತರಿಸ್ತೀನಿ, ಮುಂದಿನ ಸೋಮವಾರ ಬಾ. ಅಲ್ಲೀವರೆಗೂ ಹಗಲು ಹೊತ್ತೇ ಓಡಾಡು."

"ಆಗ್ಲಿ ಸಾಬ್ರೇ," ಅಂದ ಗುರುಮಲ್ಲ. ಟವಲಿಗೆ ಗಂಟು ಹಾಕಿದ. ಮುಟ್ಟೋಕೆ ಮುಂಚೆ ಆರಿಸು, ಬಿಚ್ಚು, ಐದು ನಿಮಿಷ ನಿಲ್ಲು. ಊರಿಗೆ ಬಂದ.

ಅವರ ಅಂಗಳದ ಕೊನೆಗೆ ಒಂದು ಬಾವಿ. ಕಟ್ಟೆ ಕುಸಿದು ಒಂದು ಕಡೆ ಬಾಯಿ ಬಿಟ್ಟುಕೊಂಡಿದ್ದ ಬಾವಿ. ಅವತ್ತು ಸಾಯಂಕಾಲ ಚಿಕ್ಕತಾಯವ್ವ ನೀರು ಸೇದೋಕೆ ಹೋದಳು. ಮಂಕುಗಣ್ಣು, ಕಟ್ಟೆ ಎಲ್ಲಿ ಮುಗೀತು ಅಂತ ಕಾಣಲಿಲ್ಲ. ಕಾಲು ಜಾರಿತು. ಅರ್ಧ ಮೈ ಬಾವಿಯೊಳಗೆ. ರಾಟೆ ಕಂಬ ತಬ್ಬಿಕೊಂಡು ನೇತಾಡ್ತಾ ಕೂಗಿದಳು.

"ಗುರುಮಲ್ಲಾ! ಬಿದ್ದೆ ಕನ್ಲಾ! ಹಿಡ್ಕಳ್ಳಾ!"

ಗುರುಮಲ್ಲ ಓಡಿ ಬಂದ. ಕೈ ಚಾಚಿದ. ಟವಲಿನ ಗಂಟು ಕಣ್ಣಿಗೆ ಬಿತ್ತು. ಕೈ ಹಿಂದಕ್ಕೆ ತಗೊಂಡ.

"ಇರವ್ವಾ, ಆರ್ಸ್‌ಬುಟ್ಟು ಬತ್ತೀನಿ!"

"ಏನ್ಲಾ ಆರ್ಸೋದು? ಕೈ ಕೊಡ್ಲಾ!"

ಅವನೆಲ್ಲಿ ಕೇಳ್ತಾನೆ? ಕಾರಿನ ಹತ್ತಿರ ಓಡಿದ. ಸ್ವಿಚ್ ನೋಡಿದ, ಆರಿಯೇ ಇತ್ತು. ಬ್ಯಾಟರಿ ತಂತಿ ಬಿಚ್ಚಿದ. ಬಾವಿ ಹತ್ತಿರ ವಾಪಸ್ ಬಂದು, ಕೈ ಕಟ್ಟಿಕೊಂಡು ನಿಂತ.

"ಯಾಕ್ಲಾ ನಿಂತ್ಕಂಡೆ?"

"ಐದು ನಿಮ್ಸ ಕನವ್ವಾ. ಇನ್ನೂ ಎರಡೂ ಆಗಿಲ್ಲ."

ಕೆಳಗೆ ಕಪ್ಪು ನೀರು, ಮೇಲೆ ಕೈ ಕಟ್ಟಿ ನಿಂತ ಮಗ. ಆ ತಾಯಿ ಏನು ಮಾಡಬೇಕು, ನೀವೇ ಹೇಳಿ. ಹೇಗೋ ಕಂಬ ಹಿಡಿದು, ಮೊಣಕಾಲು ತರಚಿಕೊಂಡು, ಅವಳೇ ಮೇಲಕ್ಕೆ ತೆವಳಿಕೊಂಡು ಬಂದಳು. ಬಂದವಳು ಅಳಲಿಲ್ಲ, ಪೊರಕೆ ಹುಡುಕಿದಳು.

"ಲೋ ಪೆದ್ದ ಮುಂಡೇದೇ! ಕಣ್ಮುಂದೆ ಬೀಳ್ತಾ ಇದ್ರೆ ಯೋಚ್ನೆ ಮಾಡ್ತಾರೇನ್ಲಾ? ಏನೇ ಬೀಳ್ಲಿ, ಎರಡು ಕೈಲೂ ಗಬಕ್ಕಂತ ಹಿಡ್ಕಬೇಕು!"

"ಆಗ್ಲಿ ಕನವ್ವಾ." ಹಳೇ ಗಂಟು ಬಿಚ್ಚಿದ. ಹೊಸ ಗಂಟು ಹಾಕಿದ. ಏನೇ ಬೀಳಲಿ, ಎರಡು ಕೈಲೂ ಗಬಕ್ಕಂತ.

ಆ ರಾತ್ರಿಯೇ ಚಿಕ್ಕತಾಯವ್ವ ತೀರ್ಮಾನ ಮಾಡಿಬಿಟ್ಟಳು. ಕಣ್ಣಿನ ಆಪರೇಷನ್ ಮಾಡಿಸ್ಕೊಳ್ಳೋದೇ ಸರಿ. ಎರಡು ವರ್ಷದಿಂದ ಹೆದರಿ ಮುಂದಕ್ಕೆ ಹಾಕ್ತಾ ಬಂದಿದ್ದಳು. ಕತ್ತಿ ಕಣ್ಣಿಗೆ ತಾಗಿಸ್ತಾರಲ್ಲಾ ಅನ್ನೋ ಭಯ ಒಂದು ಕಡೆ, ಈ ಮಗನ ಭಯ ಒಂದು ಕಡೆ. ಮಗನ ಭಯವೇ ಗೆದ್ದಿತು.

ಸೋಮವಾರ ಬೆಳಿಗ್ಗೆ ಅವ್ವ ಮಗ ಘಾಟಿ ಇಳಿದರು. ಮೊದಲು ಸಾಬರ ಅಂಗಡಿ. ಸಾಬರು ತೋಳಿನವರೆಗೂ ಕೈ ತೊಳೆದುಕೊಂಡು, ಹೊಸ ಬಟ್ಟೆ ಹಾಸಿ, ಡಬ್ಬಿಯಿಂದ ಬಲ್ಬು ತೆಗೆದು ಮೇಜಿನ ಮೇಲಿಟ್ಟರು. ಕಿರುಬೆರಳಷ್ಟು ಗಾಜಿನ ಕೊಳವೆ. ಗುರುಮಲ್ಲ ಪಕ್ಕದಲ್ಲೇ ನಿಂತು ಬೋಂಡ ತಿಂತಿದ್ದ. ಬೀದಿಯಲ್ಲಿ ಲಾರಿಯೊಂದು ದಡಬಡ ಅಂತ ಹೋಯಿತು, ಮೇಜು ಅದುರಿತು, ಬಲ್ಬು ಹಾಗೇ ಉರುಳಿತು.

ಬೀಳ್ತಾ ಇದೆ! ಗುರುಮಲ್ಲ ಬೋಂಡ ಬಿಸಾಕಿದ. ಎರಡು ಕೈಲೂ ಗಬಕ್ಕಂತ ಹಿಡಿದ. ಗಾಜನ್ನ ಅಂಗೈಲಿ ಅದುಮಿ ಹಿಡಿದು, ಹಲ್ಲು ಕಿರಿದ.

"ಹಿಡ್ದೆ ಸಾಬ್ರೇ!"

"ಯಾ ಅಲ್ಲಾ!" ಸಾಬರು ತಲೆ ಮೇಲೆ ಕೈ ಇಟ್ಟರು. "ಬೋಂಡ ತಿಂದ ಕೈಲಿ ಗಾಜು ಮುಟ್ಟಿದ್ಯಲ್ಲೋ! ಕೈಯ ಜಿಡ್ಡು ಗಾಜಿಗೆ ಮೆತ್ಕೊಂಡ್ರೆ ಉರಿಯೋವಾಗ ಆ ಜಾಗ ಮಾತ್ರ ಕೆಂಡದಂಗೆ ಕಾಯ್ತದೆ, ಗಾಜು ಸೀಳಿಹೋಗ್ತದೆ! ಎಲ್ಲಿ? ಘಾಟೀಲಿ, ಕತ್ತಲಲ್ಲಿ, ತಿರುವಿನಲ್ಲಿ! ಆಗ ಏನ್ ಮಾಡ್ತೀಯ?"

ಕಾರಿನೊಳಗೆ ಕೂತಿದ್ದ ಚಿಕ್ಕತಾಯವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

ಸಾಬರು ಬಲ್ಬನ್ನ ಕಿತ್ತುಕೊಂಡು ಸ್ಪಿರಿಟ್ಟಲ್ಲಿ ಮೂರು ಸಲ ಒರೆಸಿದರು. "ನೋಡು, ಬರಿಗೈಲಿ ಮುಟ್ಟಬಾರದು. ತಳ ಹಿಡೀಬೇಕು, ಬಟ್ಟೇಲಿ ಹಿಡೀಬೇಕು. ಇನ್ನೊಂದು ಕೇಳು. ಒಂದು ಕೆಟ್ಟಿದೆ ಅಂತ ಒಂದನ್ನೇ ಹಾಕಬಾರದು, ಜೋಡೀನೇ ಬದಲಾಯಿಸ್ಬೇಕು. ಇಲ್ಲ ಅಂದ್ರೆ ಹೊಸದು ಬೆಳ್ಳಗೆ, ಹಳೇದು ಮಂಕು, ರಸ್ತೆ ಒಂದೊಂದು ಕಡೆ ಒಂದೊಂದು ಬಣ್ಣ ಕಾಣ್ತದೆ."

"ಸಾಬ್ರೇ," ಅಂದಳು ಚಿಕ್ಕತಾಯವ್ವ ಕಿಟಕಿಯಿಂದ, "ಇಷ್ಟು ಬೆಳ್ಳನೆ ಬೆಳಕು ಎದ್ರುಗಡೆಯೋರ ಕಣ್ಣಿಗೆ ಹೊಡೆದ್ರೆ ಅವ್ರ ಗತಿ ಏನಪ್ಪಾ? ನಂಗಂತೂ ಎದ್ರು ಬೆಳಕು ಕಂಡ್ರೆ ಜೀವ ಹೋಯ್ತದೆ."

"ಒಳ್ಳೇ ಮಾತು ಕೇಳಿದ್ರಿ ತಾಯಿ. ನಿಮ್ಮ ಕಾರಿಗೆ ಇದು ಹುಟ್ಟುತ್ತಲೇ ಬಂದ ಕಣ್ಣು. ಬೆಳಕು ಎದುರಿನವರ ಕಣ್ಣಿಗೆ ಹೋಗದಂಗೆ ಒಳಗೇ ಅಡ್ಡ ಇದೆ. ಹಿಂದೆ ಮೂಟೆ ಹೇರಿ ಮೂಗು ಮೇಲೆದ್ರೆ ಬೆಳಕನ್ನ ತಗ್ಗಿಸೋಕೆ ಮೋಟ್ರಿದೆ, ಧೂಳು ತೊಳೆಯೋಕೆ ನೀರಿನ ಪಿಚಕಾರಿ ಇದೆ. ಇದ್ಯಾವುದೂ ಇಲ್ಲದ ಗಾಡಿಗೆ ಬರೀ ಈ ಬಲ್ಬು ತಂದು ತುರುಕ್ತಾರಲ್ಲ, ಅವರೇ ಊರೋರ ಕಣ್ಣು ಕೀಳೋದು. ನಾನು ಆ ಕೆಲಸ ಮಾಡೋದಿಲ್ಲ."

ಎರಡು ದೀಪಕ್ಕೂ ಹೊಸ ಬಲ್ಬು ಕೂತವು. "ತಗೋ, ನಿನ್ನ ಕಾರಿಗೆ ಹೊಸ ಕಣ್ಣು!" ಅಂತ ಸಾಬರು ಬೆನ್ನು ತಟ್ಟಿದರು. ಗುರುಮಲ್ಲ ಹಳೇ ಗಂಟು ಬಿಚ್ಚಿ ಹೊಸ ಗಂಟು ಹಾಕಿದ. ಬರಿಗೈಲಿ ಮುಟ್ಟಬಾರದು, ತಳ ಹಿಡೀಬೇಕು, ಜೋಡೀನೇ ಬದಲಾಯಿಸ್ಬೇಕು.

ಅಲ್ಲಿಂದ ಸೀದಾ ಕಣ್ಣಾಸ್ಪತ್ರೆ.

ಡಾಕ್ಟ್ರಮ್ಮ ಚಿಕ್ಕತಾಯವ್ವನನ್ನ ಕೂರಿಸಿ, ಎಡಗಣ್ಣಿನ ರೆಪ್ಪೆಯನ್ನ ಬೆರಳಲ್ಲಿ ಮೆಲ್ಲಗೆ ಎತ್ತಿದರು.

"ಏಯ್ ಡಾಕ್ಟ್ರಮ್ಮಾ! ಬರಿಗೈಲಿ ಮುಟ್‌ಬ್ಯಾಡಿ! ಸೀಳೋಯ್ತದೆ!"

ಡಾಕ್ಟ್ರಮ್ಮ ಬೆಚ್ಚಿ ಕೈ ತೆಗೆದರು. "ಯಾರಪ್ಪಾ ನೀನು?"

"ನಾನು ಮಗ. ತಳ ಹಿಡ್ಕಳಿ ಡಾಕ್ಟ್ರಮ್ಮಾ, ತಳ! ಬಟ್ಟೇಲಿ!"

"ಸುಮ್ಕಿರ್ಲಾ!" ಅಂದಳು ಅವ್ವ.

"ಪೊರೆ ಚೆನ್ನಾಗಿ ಬಲಿತಿದೆ ಕಣಮ್ಮ," ಅಂದರು ಡಾಕ್ಟ್ರಮ್ಮ. "ಒಳಗಿನ ಲೆನ್ಸ್ ತೆಗೆದು ಹೊಸದು ಹಾಕ್ತೀವಿ. ಈಗ ಎಡಗಣ್ಣು ಮಾತ್ರ."

"ಒಂದೇ ಹಾಕ್ತೀರಾ?" ಗುರುಮಲ್ಲ ಅಡ್ಡ ಬಂದ. "ಜೋಡಿ ಹಾಕಿ! ಒಂದು ಹಾಕುದ್ರೆ ಒಂದು ಕಣ್ಗೆ ಬೆಳ್ಳಗೆ, ಒಂದು ಕಣ್ಗೆ ಮಂಕು. ನಮ್ಮವ್ವಂಗೆ ರಸ್ತೆ ಎರಡು ಬಣ್ಣ ಆಗೋಯ್ತದೆ!"

ಆಸ್ಪತ್ರೆಯವರೆಲ್ಲ ನಕ್ಕರು. ಚಿಕ್ಕತಾಯವ್ವ ನಗಲಿಲ್ಲ. ಡಾಕ್ಟ್ರಮ್ಮನ ಕೈ ಹಿಡಕೊಂಡಳು.

"ತಾಯಿ, ನನ್ ಕಣ್ಣು ನಂಗೋಸ್ಕರ ಬ್ಯಾಡ. ಇವನ್ನ ನೋಡ್ಕಳಕ್ಕೆ ಬೇಕು. ಒಂದ್ಗಳಿಗೆ ಕಣ್ತಪ್ಪುದ್ರೆ ಇವನು ಸತ್ತೋಯ್ತಾನೆ. ಹೆಂಗಾರಾ ಮಾಡಿ ಉಳ್ಸ್‌ಕೊಡಿ."

ಆಪರೇಷನ್ ಆಯಿತು, ಚೆನ್ನಾಗೇ ಆಯಿತು. ಆ ರಾತ್ರಿ ಅಲ್ಲೇ ಇರಿಸಿಕೊಂಡು, ಮಾರನೇ ದಿನ ಸಂಜೆ ಕಳಿಸಿದರು. ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇಟ್ಟು ಪ್ಲಾಸ್ಟರ್ ಅಂಟಿಸಿದ ಡಾಕ್ಟ್ರಮ್ಮ, ಗುರುಮಲ್ಲನನ್ನ ಎದುರಿಗೆ ನಿಲ್ಲಿಸಿಕೊಂಡು ಗದರಿದರು.

"ನಿನ್ನ ಗಲಾಟೆ ಎಲ್ಲ ಆಯ್ತಲ್ಲ, ಈಗ ನಾನು ಹೇಳೋದು ಕೇಳು. ಇದು ಹೊಸ ಕಣ್ಣು. ಹೊಸ ಕಣ್ಣು ಅಂದ್ರೆ ಮುಚ್ಚಿಡಬೇಕು. ಧೂಳು ಬೀಳಬಾರದು, ಗಾಳಿ ತಾಗಬಾರದು. ನಾನು ತೆಗೀರಿ ಅನ್ನೋವರೆಗೂ ಮುಚ್ಚಳ ತೆಗೀಬಾರದು!"

"ಆಗ್ಲಿ ಡಾಕ್ಟ್ರಮ್ಮಾ." ಹಳೇ ಗಂಟು ಬಿಚ್ಚಿದ. ಹೊಸ ಗಂಟು. ಹೊಸ ಕಣ್ಣು ಅಂದ್ರೆ ಮುಚ್ಚಿಡಬೇಕು.

ಈಗ ಹೂಂ ಅನ್ನೋದು ಮರೀಬೇಡಿ. ಇಲ್ಲಿಂದ ಮುಂದೆ ಕತ್ತಲು.

ಅವ್ವನನ್ನ ಹಿಂದಿನ ಸೀಟಲ್ಲಿ ಕೂರಿಸಿ, ಗುರುಮಲ್ಲ ಕಾರಿನ ಮುಂದೆ ಹೋದ. ದೀಪ ನೋಡಿದ. ಸಾಬ್ರು ಹೊಸ ಕಣ್ಣು ಹಾಕವ್ರೆ! ಧೂಳು ಬಿದ್ರೆ? ಗಾಳಿ ತಾಗುದ್ರೆ? ಎರಡನ್ನೂ ಮುಚ್ಚಬೇಕು ಅಂತಲೇ ಅವನ ಆಸೆ. ಆದರೆ ಇದ್ದದ್ದು ಒಂದೇ ಟವಲು. ಸರಿ, ಅವ್ವಂಗೂ ಒಂದೇ ಅಲ್ವಾ ಮುಚ್ಚಿರೋದು ಅಂತ, ಬಲಗಡೆ ದೀಪಕ್ಕೆ ಟವಲನ್ನ ನಾಲ್ಕು ಮಡಿಕೆ ಮಾಡಿ ಬಿಗಿದು ಕಟ್ಟಿದ. ಒಳಗಿದ್ದ ಅವ್ವನಿಗೆ ಇದೆಲ್ಲ ಎಲ್ಲಿ ಕಾಣಬೇಕು?

ಘಾಟಿ ಶುರುವಾಯಿತು. ಎಡಗಡೆ ಬಂಡೆ, ಬಲಗಡೆ ಪ್ರಪಾತ. ಆರನೇ ತಿರುವಿನಲ್ಲಿ ಎದುರಿನಿಂದ ಬಸ್ಸು ಇಳೀತಾ ಬಂತು. ಬಸ್ಸಿನ ಡ್ರೈವರಿಗೆ ಕಂಡದ್ದು ಒಂದೇ ದೀಪ. ಬೈಕು ಅಂದುಕೊಂಡ. ಬೈಕಿಗೆ ಎಷ್ಟು ಜಾಗ ಬೇಕೋ ಅಷ್ಟೇ ಬಿಟ್ಟು ಬಸ್ಸನ್ನ ಹಾಗೇ ತಿರುಗಿಸಿದ!

"ಅವ್ವಾ, ಬಸ್ಸು ನಮ್ಮೇಲೇ ಬತ್ತಾ ಅದೆ!"

"ಬ್ರೇಕ್ ಒತ್ಲಾ!"

ಕಿರ್ರ್! ಬಸ್ಸಿನ ಮೂತಿಗೂ ಕಾರಿನ ಮೂತಿಗೂ ನಡುವೆ ಒಂದು ಗೇಣು. ಡ್ರೈವರು ಇಳಿದು ಬಂದ.

"ನಿನ್ನ ಮನೆ ಹಾಳಾಗ! ಐವತ್ತು ಜೀವ ಅದೆ ಕಣಯ್ಯಾ ಬಸ್ಸಲ್ಲಿ! ಯಾವನಯ್ಯಾ ದೀಪಕ್ಕೆ ಟವಲ್ ಕಟ್ಟೋನು?"

"ಹೊಸ ಕಣ್ಣು ಕನಣ್ಣಾ. ಮುಚ್ಚಿಡ್‌ಬೇಕಂತೆ."

ಡ್ರೈವರು ಟವಲನ್ನ ಕಿತ್ತು ಅವನ ಮುಖದ ಮೇಲೆ ಎಸೆದ. "ಕೇಳಿಲ್ಲಿ! ಎದುರಿಗೆ ಯಾರೇ ಬರ್ಲಿ, ಎರಡು ಕಣ್ಣೂ ಬಿಟ್ಕೊಂಡು ತೋರಿಸ್ಬೇಕು! ಇಷ್ಟಗಲ ಇದ್ದೀನಿ, ಇಲ್ಲಿದ್ದೀನಿ ಅಂತ ಅವರಿಗೆ ಗೊತ್ತಾಗ್ಬೇಕು!"

ಬಸ್ಸು ಹೋಯಿತು. ಹಿಂದಿನ ಸೀಟಿನಲ್ಲಿ ಚಿಕ್ಕತಾಯವ್ವ ಮುದುಡಿ ಕೂತು ಮಾದಪ್ಪನ ಹೆಸರು ಹೇಳ್ತಿದ್ದಳು. ಗುರುಮಲ್ಲ ಹಳೇ ಗಂಟು ಬಿಚ್ಚಿ, ಹೊಸದು ಹಾಕಿ, ಟವಲನ್ನ ಹೆಗಲಿಗೆ ಹಾಕಿದ. ಎದುರಿಗೆ ಯಾರೇ ಬರಲಿ, ಎರಡು ಕಣ್ಣೂ ತೋರಿಸ್ಬೇಕು.

ಏಳು, ಎಂಟು, ಒಂಬತ್ತು. ಹನ್ನೊಂದನೇ ತಿರುವು ದಾಟಿ ರಸ್ತೆ ಒಂದಿಷ್ಟು ನೆಟ್ಟಗಾಯಿತು. ಆ ಬಿಳೀ ಬೆಳಕಿನ ತುದಿಯಲ್ಲಿ ರಸ್ತೆಗೆ ಅಡ್ಡವಾಗಿ ಒಂದು ಬಂಡೆ. ನೋಡ್ತಾ ನೋಡ್ತಾ ಬಂಡೆಗೆ ಕಿವಿ ಬಂತು!

ಆನೆ. ಒಂಟಿ ಸಲಗ.

ಕಾಡಂಚಲ್ಲಿ ಹುಟ್ಟಿದ ಚಿಕ್ಕತಾಯವ್ವನಿಗೆ ಒಂಟಿ ಸಲಗ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಸಿರಲ್ಲೇ ಅಂದಳು, "ಮಗಾ, ನಿಲ್ಸು. ಲೈಟ್ ಆರ್ಸು. ಕಣ್ಗೆ ಬೆಳಕು ಹೊಡೆದ್ರೆ ಮೇಲೆ ಬತ್ತದೆ. ಆರ್ಸ್ಲಾ."

ಗುರುಮಲ್ಲ ಕಾರು ನಿಲ್ಲಿಸಿದ. ಗಂಟು ಮುಟ್ಟಿ ನೋಡಿಕೊಂಡ. ಆರಿಸಲಿಲ್ಲ. ಹೈ ಬೀಮ್ ಹಾಕಿದ!

"ಲೋ!"

"ಎದ್ರುಗೆ ಯಾರೇ ಬಂದ್ರೂ ಎರಡು ಕಣ್ಣೂ ತೋರಿಸ್ಬೇಕು ಕನವ್ವಾ. ಇಷ್ಟಗಲ ಇದ್ದೀವಿ ಅಂತ ಅದ್ಕೂ ಗೊತ್ತಾಗ್ಲಿ."

ಆನೆಯ ಕಣ್ಣೊಳಗೆ ಆ ಬೆಳಕು ಹೊಕ್ಕಿತು. ಕಿವಿ ಅಗಲವಾಗಿ ನಿಂತವು. ಸೊಂಡಿಲು ಮಡಿಚಿಕೊಂಡಿತು. ಘೀ ಅಂತ ಕೂಗಿದ ಕೂಗಿಗೆ ಕಾರಿನ ಗಾಜು ಅದುರಿತು. ಒಂದು ಹೆಜ್ಜೆ ಇಟ್ಟಿತು. ಎರಡು ಹೆಜ್ಜೆ. ಆಮೇಲೆ ಓಡೋಕೆ ಶುರು ಮಾಡಿತು.

ಆ ಮುದುಕಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ! ಹಿಂದಿನ ಸೀಟಿಂದ ಮುಂದಕ್ಕೆ ಬಿದ್ದು, ಮಗನ ತೊಡೆ ಮೇಲಿಂದ ಕೈ ಚಾಚಿ, ದೀಪದ ಸ್ವಿಚ್ ತಿರುಗಿಸಿದಳು. ಇನ್ನೊಂದು ಕೈಯಲ್ಲಿ ಬೀಗದ ಕೈ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಮೂರನೇ ಕೈ ಇದ್ದಿದ್ದರೆ ಮಗನ ಬಾಯಿ ಮುಚ್ಚೋಳು. ಇರಲಿಲ್ಲ, ಹೆಗಲಿಂದ ಮುಚ್ಚಿದಳು.

ಕತ್ತಲು. ಕಣ್ಣು ಬಿಟ್ಟರೂ ಅದೇ, ಮುಚ್ಚಿದರೂ ಅದೇ ಅನ್ನೋ ಕತ್ತಲು. ಓಡಿ ಬರ್ತಿದ್ದ ಹೆಜ್ಜೆ ನಿಧಾನ ಆಯಿತು. ಹತ್ತಿರ ಬಂತು. ನಿಂತಿತು. ಬುಸ್ ಅಂತ ಉಸಿರು. ಕಾಡು ಸೊಪ್ಪಿನ ನಾತ. ಬಾನೆಟ್ಟಿನ ಮೇಲೆ ಏನೋ ಒದ್ದೆಯಾದದ್ದು ಸರಸರ ಹರಿದಾಡಿತು. ಬಿಸಿ ಬಾನೆಟ್ಟು ತಾಗಿ ಫಕ್ಕನೆ ಹಿಂದಕ್ಕೆ ಹೋಯಿತು. ಆಮೇಲೆ ಗಾಜಿನ ಮೇಲೆ ಸರಿದಾಡಿತು. ಆಮೇಲೆ ಸದ್ದಿಲ್ಲ.

ಹೋಯಿತೋ? ನಿಂತಿದೆಯೋ? ಯಾರಿಗೆ ಗೊತ್ತು? ಎಷ್ಟು ಹೊತ್ತು ಹಾಗೇ ಕೂತಿದ್ದರೋ. ಕೊನೆಗೆ ಚಿಕ್ಕತಾಯವ್ವನೇ ಸ್ವಿಚ್ ಮುಟ್ಟಿದಳು. ಈ ದೀಪದ ಸ್ವಭಾವ ಗೊತ್ತಲ್ಲ ನಿಮಗೆ? ಒಮ್ಮೆಲೇ ಹತ್ತೋದಿಲ್ಲ. ನೀಲಿಯಾಗಿ ಛಿಳ್ ಅಂತು. ಮಂಕಾಗಿ ಕಣ್ಣು ಬಿಟ್ಟಿತು. ಕೆಳಕ್ಕೆ ಬಾಗಿತು, ಮೇಲಕ್ಕೆ ಎದ್ದಿತು. ಮೆಲ್ಲಗೆ, ಮೆಲ್ಲಗೆ ಬೆಳ್ಳಗಾಗ್ತಾ ಹೋಯಿತು. ಆ ಬೆಳಕು ಏನನ್ನ ತೋರಿಸ್ತದೋ ಅಂತ ಅವ್ವ ಹಲ್ಲು ಕಚ್ಚಿ ಕಾದಳು. ಮೊದಲು ರಸ್ತೆ ಕಂಡಿತು. ಆಮೇಲೆ ಲದ್ದಿ ಕಂಡಿತು. ಆಮೇಲೆ ಬರೀ ಖಾಲಿ ರಸ್ತೆ.

ಚಿಕ್ಕತಾಯವ್ವ ಮುಂದಿನ ಸೀಟಿಗೆ ಬಂದು ಕೂತಳು. ಮಗನ ಹೆಗಲ ಮೇಲಿನ ಟವಲು ತೆಗೆದು ಕಿಟಕಿಯಿಂದ ಆಚೆ ಎಸೆದುಬಿಟ್ಟಳು.

"ಅವ್ವಾ, ನನ್ ಗಂಟು!"

"ಗಂಟೂ ಬ್ಯಾಡ ಗಿಂಟೂ ಬ್ಯಾಡ! ಸಾಬ್ರು ಹೇಳಿದ್ದು ಬ್ಯಾಡ, ಡಾಕ್ಟ್ರಮ್ಮ ಹೇಳಿದ್ದು ಬ್ಯಾಡ, ಯಾರ್ ಹೇಳಿದ್ದೂ ಬ್ಯಾಡ ನಿಂಗೆ. ನನ್ ನೋಡು. ನಾನು ಏನ್ ಮಾಡ್ತೀನೋ ಅಂಗೇ ಮಾಡು. ಅಷ್ಟ್ ಮಾಡುದ್ರೆ ಸಾಕು, ಬದುಕ್ಕತೀಯ."

"ಆಗ್ಲಿ ಕನವ್ವಾ," ಅಂದ ಗುರುಮಲ್ಲ. ಗಂಟು ಹಾಕೋಕೆ ಟವಲಿರಲಿಲ್ಲ. ಅದಕ್ಕೇ ಅವ್ವನ್ನ ನೋಡ್ತಾ ಕೂತ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು, ಅವನೂ ಕೂತ. ಅವಳು ರಸ್ತೆ ನೋಡಿದಳು, ಅವನೂ ನೋಡಿದ. ಅವಳು ಕೆಮ್ಮಿದಳು, ಅವನೂ ಕೆಮ್ಮಿದ. ಎಷ್ಟು ಚೆನ್ನಾಗಿ ಓಡಿಸಿದ ಅಂತೀರಿ! ಉಳಿದ ತಿರುವುಗಳು ಒಂದೊಂದಾಗಿ ಹಿಂದಕ್ಕೆ ಹೋದವು. ಕಾಡು ಮುಗಿಯಿತು. ಊರ ದೀಪ ಕಂಡಿತು. ರಸ್ತೆ ಅಂಗೈಯಂತೆ ಸಮನಾಯಿತು.

ಇನ್ನೇನು ಭಯ? ಮನೆ ಬಂತು. ಕಣ್ಣು ಬಂತು. ಮಗನೂ ದಾರಿಗೆ ಬಂದ. ಎರಡು ದಿನದಿಂದ ನಿದ್ದೆಯಿಲ್ಲದ ಮುದುಕಿ ಸೀಟಿಗೆ ಒರಗಿದಳು. ಹಾಗೇ ಒಂದು ಗಳಿಗೆ ಕಣ್ಣು ಮುಚ್ಚಿದಳು.

ಗುರುಮಲ್ಲ ಅವ್ವನ್ನ ನೋಡಿದ. ತಾನೂ ಸೀಟಿಗೆ ಒರಗಿದ. ತಾನೂ ಕಣ್ಣು ಮುಚ್ಚಿದ.

ಧಡಾರ್!

ಚಿಕ್ಕತಾಯವ್ವ ಬೆಚ್ಚಿ ಎದ್ದಳು. ಕಾರು ಅವಳದೇ ಅಂಗಳದಲ್ಲಿತ್ತು. ಬೇಲಿ ಮುರಿದು ಬಂದು, ರಾಗಿ ಹುಲ್ಲಿನ ಮೆದೆಯೊಳಗೆ ಬಾನೆಟ್ಟಿನ ತನಕ ಹೊಕ್ಕು ನಿಂತಿತ್ತು. ಮೆದೆಯ ಹೊಟ್ಟೆಯೊಳಗೆ ಎರಡು ದೀಪ ಬೆಳ್ಳಗೆ ಉರೀತಿದ್ದವು. ಆ ಮೆದೆಯಿಂದ ಆಚೆಗೆ ಎರಡು ಮಾರು. ಅಲ್ಲಿ ಏನಿತ್ತು? ನೆನಪಿದೆಯಾ ನಿಮಗೆ? ಬಾವಿ! ಕಟ್ಟೆ ಕುಸಿದು ಬಾಯಿ ಬಿಟ್ಟುಕೊಂಡಿದ್ದ ಅದೇ ಬಾವಿ.

ಅವಳು ಪಕ್ಕಕ್ಕೆ ತಿರುಗಿದಳು. ಗುರುಮಲ್ಲ ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದ.

"ಏನ್ಲಾ ಮಾಡ್ತಿದ್ದೆ ನೀನು?"

ಗುರುಮಲ್ಲ ಒಂದು ಕಣ್ಣು ಬಿಟ್ಟು ನೋಡಿದ. ಅವ್ವನ ಕಣ್ಣು ತೆರೆದಿತ್ತು. ಸರಿ ಅಂತ ಎರಡನ್ನೂ ಬಿಟ್ಟ.

"ನೀನು ಮಾಡ್ದಂಗೇ ಕನವ್ವಾ. ನೀನು ಮುಚ್ಚುದೆ, ನಾನೂ ಮುಚ್ಚುದೆ. ನೀನು ಗೊರ್ಕೆನೂ ಹೊಡೀತಿದ್ದೆ, ಅದು ಮಾತ್ರ ನಂಗೆ ಸರ್ಯಾಗಿ ಬರ್ಲಿಲ್ಲ."

ಹೊಡೆತಕ್ಕೆ ಅವಳ ಕಣ್ಣಿನ ಮುಚ್ಚಳ ಜಾರಿತ್ತು. ಹೊಸ ಕಣ್ಣಲ್ಲಿ ಮೊದಲ ಸಲ ಮಗನ ಮುಖ ನೋಡಿದಳು. ಒಂದು ಕಣ್ಣಿಗೆ ಬೆಳ್ಳಗಿನ ಗುರುಮಲ್ಲ, ಇನ್ನೊಂದು ಕಣ್ಣಿಗೆ ಹಳದಿ ಗುರುಮಲ್ಲ.

"ಅಯ್ಯೋ ಸಿವನೇ, ನೀನು ಎರಡು ಬಣ್ಣ ಕಾಣ್ತಾ ಇದ್ದೀಯಲ್ಲೋ!"

"ಜೋಡಿ ಹಾಕ್ಸು ಅಂತ ನಾನು ಆಗ್ಲೇ ಬಡ್ಕಂಡೆ," ಅಂದ ಗುರುಮಲ್ಲ.

ಅವಳಿಗೆ ನಗು ಬಂತೋ ಅಳು ಬಂತೋ, ಮಗನ ತಲೆಗೆ ಎರಡು ಬಿಟ್ಟು, ಅದೇ ತಲೆಯನ್ನ ಎದೆಗೆ ಒತ್ತಿಕೊಂಡಳು. ಎರಡು ತಿಂಗಳು ಬಿಟ್ಟು ಬಲಗಣ್ಣನ್ನೂ ಮಾಡಿಸಿಕೊಂಡಳು. ಈಗ ಜೋಡಿ ಸರಿಯಾಗಿದೆ. ಅವತ್ತಿಂದ ಇವತ್ತಿನವರೆಗೂ ಚಿಕ್ಕತಾಯವ್ವ ಕಾರು ಹತ್ತಿದರೆ ರೆಪ್ಪೆ ಮುಚ್ಚೋದಿಲ್ಲ, ನಿದ್ದೆ ಬಂದರೆ ಕೆನ್ನೆಗೆ ತಾನೇ ಹೊಡ್ಕೋತಾಳೆ.

ನೀವು ಯಾವತ್ತಾದರೂ ಆ ಘಾಟಿಯಲ್ಲಿ ಹೋದರೆ, ಎದುರಿಗೆ ಎರಡು ಬಿಳೀ ದೀಪ ಬಂದರೆ, ಆದಷ್ಟು ಪಕ್ಕಕ್ಕೆ ಸರಿದು ನಿಲ್ಲಿ. ಕಾರಿನ ಎರಡು ಕಣ್ಣು ರಸ್ತೆ ಮೇಲಿರ್ತವೆ. ಅವ್ವನ ಎರಡು ಕಣ್ಣೂ ರಸ್ತೆ ಮೇಲಿರ್ತವೆ. ಸ್ಟೇರಿಂಗ್ ಹಿಡಿದಿರೋ ಗುರುಮಲ್ಲ ಮಾತ್ರ ರಸ್ತೆ ಕಡೆ ತಿರುಗಿಯೂ ನೋಡೋದಿಲ್ಲ. ಅವ್ವ ಹೇಳಿದ್ದಾಳಲ್ಲ, ಅವಳನ್ನೇ ನೋಡ್ತಿರ್ತಾನೆ.